ಆಕರದ ಅಂಕಿಯೂ ಸಾಕ್ಷಿಯ ಹೆಸರೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಸಂಶೋಧನೆಯ ಹಿನ್ನೆಲೆಯಲ್ಲಿ ಉಲ್ಲೇಖಕ್ರಮವನ್ನು ಕುರಿತ ಒಂದು ವಿಮರ್ಶೆ

ಪೀಠಿಕೆ

ಮಲೆನಾಡಿನ ಸಭೆಗಳ ಚರಿತ್ರೆಯನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಬರೆಯುವ ಸಂಪ್ರಬಂಧಗಳಲ್ಲಿ ಈಚೆಗೆ ಒಂದು ಬದಲಾವಣೆ ಕಾಣುತ್ತಿದೆ. ಪುಟದ ಕೆಳಗೆ ಇರುತ್ತಿದ್ದ ಅಡಿಟಿಪ್ಪಣಿಗಳು ಇಲ್ಲವಾಗಿ, ವಾಕ್ಯದ ತುದಿಯಲ್ಲಿ ಚೌಕ ಆವರಣದೊಳಗೆ ಒಂದು ಅಂಕಿ ಮಾತ್ರ ಉಳಿಯುತ್ತಿದೆ. ಪ್ರಬಂಧದ ಕೊನೆಯಲ್ಲಿ, ಮೊದಲು ಪ್ರಸ್ತಾಪವಾದದ್ದು ಮೊದಲು ಎಂಬ ಕ್ರಮದಲ್ಲಿ, ಆಕರಗಳ ಪಟ್ಟಿ ಇರುತ್ತದೆ. ಗಣಕಯಂತ್ರದ ತಂತ್ರಾಂಶದಲ್ಲಿ ಶೈಲಿಯ ಹೆಸರನ್ನು ಬದಲಾಯಿಸಿದರೆ ಸಾಕು, ಇನ್ನೂರು ಅಡಿಟಿಪ್ಪಣಿಗಳು ಕ್ಷಣಮಾತ್ರದಲ್ಲಿ ಇನ್ನೂರು ಅಂಕಿಗಳಾಗುತ್ತವೆ. ಪುಟವು ಚೊಕ್ಕಟವಾಗಿ ಕಾಣುತ್ತದೆ, ಪದಸಂಖ್ಯೆಯ ಮಿತಿಯೂ ಮೀರುವುದಿಲ್ಲ. ವಿದ್ಯಾರ್ಥಿಗಳಿಗೆ ಇದು ಹಿಡಿಸಿರುವುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಸಿದ್ಧವಾದ ಒಂದು ಕರಡನ್ನು ಪರಿಶೀಲಿಸುವ ಸಂದರ್ಭ ನನಗೆ ಒದಗಿತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಧಾರ್ಮಿಕ ಹಿನ್ನೆಲೆಯನ್ನು ವಿವರಿಸುವ ಒಂದೇ ಪರಿಚ್ಛೇದದಲ್ಲಿ 5, 6, 7 ಎಂಬ ಮೂರು ಅಂಕಿಗಳು ಬಂದಿದ್ದವು. ಕೊನೆಯ ಪಟ್ಟಿಯನ್ನು ತೆರೆದು ನೋಡಿದಾಗ, ಐದನೆಯದು ಹುಂಚದ ಒಂದು ಶಿಲಾಶಾಸನ, ಆರನೆಯದು ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಗೆ ಬಂದ ಒಬ್ಬ ಪ್ರವಾಸಿಯ ಪತ್ರ, ಏಳನೆಯದು ಶರಾವತಿಯ ಮುಳುಗಡೆಯಿಂದ ಊರು ಬಿಟ್ಟ ಕುಟುಂಬವೊಂದರ ಅಜ್ಜಿಯ ಮಾತು ಎಂದು ತಿಳಿಯಿತು. ಕಲ್ಲು, ಕಾಗದ, ಬಾಯಿಮಾತು ಮೂರೂ ಒಂದೇ ಗಾತ್ರದ ಆವರಣದಲ್ಲಿ ಒಂದೇ ಬಗೆಯ ಅಧಿಕಾರದಿಂದ ನಿಂತಿದ್ದವು. ಓದುಗನು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತೆ ಆ ಪುಟವು ಏರ್ಪಟ್ಟಿತ್ತು.

ಅಂಕಿಯನ್ನು ಬಳಸುವುದೇ ತಪ್ಪೆಂದು ಪ್ರಸ್ತುತ ಲೇಖನವು ವಾದಿಸುವುದಿಲ್ಲ. ಅಂಕಿಗಳೊಂದಿಗೆ ಸಭೆಯು ಶತಮಾನಗಳಿಂದ ಬದುಕಿದೆ. ಆದರೆ ಅಂಕಿಗಳಲ್ಲಿ ಎರಡು ಬಗೆಯುಂಟು. ಆಕರದ ಒಳಗೇ ನೆಲೆಸಿ, ಓದುಗನನ್ನು ಅದರ ಬಳಿಗೆ ಕರೆದೊಯ್ಯುವ ಅಂಕಿ ಒಂದು. ಉಲ್ಲೇಖಿಸುವವನ ಬರಹದೊಳಗೆ ಮಾತ್ರ ಹುಟ್ಟಿ, ಅಲ್ಲಿಯೇ ಮುಗಿಯುವ ಅಂಕಿ ಇನ್ನೊಂದು. ಮೊದಲನೆಯದು ವಿಳಾಸ, ಎರಡನೆಯದು ಸರತಿಯ ಚೀಟಿ. ದೇವಶಾಸ್ತ್ರದ ಬರಹವು ಸಾಕ್ಷಿಗಳ ಮೇಲೆ ನಿಂತಿರುವುದರಿಂದ ಸರತಿಯ ಚೀಟಿಯಿಂದ ಅದರ ಕೆಲಸ ನಡೆಯದು ಎಂಬುದೇ ಇಲ್ಲಿನ ಪ್ರತಿಪಾದನೆ. ಆ ಕರಡಿನ ಮೂರು ಆಕರಗಳನ್ನೇ ಒಂದೊಂದಾಗಿ ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಕ್ರಮಾಂಕ ಪದ್ಧತಿಯ ಹುಟ್ಟು

ಯಾವ ಪದ್ಧತಿಯೂ ಶೂನ್ಯದಲ್ಲಿ ಹುಟ್ಟುವುದಿಲ್ಲ. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಸಭೆ ಸೇರಿ, ತಮ್ಮ ಪತ್ರಿಕೆಗಳಿಗೆ ಬರುವ ಹಸ್ತಪ್ರತಿಗಳಿಗೆ ಏಕರೂಪದ ನಿಯಮಗಳನ್ನು ರೂಪಿಸಿದರು. ಅದರಿಂದಲೇ ವ್ಯಾಂಕೂವರ್ ಶೈಲಿ ಎಂಬ ಹೆಸರು ಬಂತು. ವೈದ್ಯಕೀಯ ಪ್ರಬಂಧವು ಸಾಮಾನ್ಯವಾಗಿ ಕೆಲವೇ ಪುಟಗಳದು. ಅದನ್ನು ಉಲ್ಲೇಖಿಸುವಾಗ ಒಟ್ಟು ಪ್ರಬಂಧದ ಫಲಿತಾಂಶವನ್ನೇ ಉಲ್ಲೇಖಿಸಲಾಗುತ್ತದೆ. ಪುಟಸಂಖ್ಯೆಯ ಅಗತ್ಯ ಬೀಳುವುದು ಅಪರೂಪ. ಒಂದು ಔಷಧವು ಜ್ವರವನ್ನು ಇಳಿಸಿತು ಎಂಬ ಸಂಗತಿಯನ್ನು ಯಾರು ಹೇಳಿದರೂ ಮರುಪರೀಕ್ಷೆಯಿಂದ ಅದು ನಿಲ್ಲಬೇಕು ಅಥವಾ ಬೀಳಬೇಕು. ಹೇಳಿದವರ ಹೆಸರು ವಾಕ್ಯದಲ್ಲಿ ಇಲ್ಲದಿದ್ದರೆ ಅಲ್ಲಿ ದೊಡ್ಡ ನಷ್ಟವಿಲ್ಲ.

ಲೇಖಕನ ಹೆಸರನ್ನೂ ವರ್ಷವನ್ನೂ ಆವರಣದಲ್ಲಿ ಕೊಡುವ ಕ್ರಮವೂ ವಿಜ್ಞಾನದಿಂದಲೇ ಬಂದದ್ದು. ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರ ತಮ್ಮ ಪ್ರಬಂಧದಲ್ಲಿ ಅದನ್ನು ಬಳಸಿದರು. ನಮ್ಮ ಸೆಮಿನರಿಗಳಲ್ಲಿ ಬಹುಕಾಲ ರೂಢಿಯಲ್ಲಿರುವ ಅಡಿಟಿಪ್ಪಣಿಯ ಕ್ರಮಕ್ಕೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂಪ್ರಬಂಧಗಳ ಕಾರ್ಯದರ್ಶಿಯಾಗಿದ್ದ ಕೇಟ್ ಟುರೇಬಿಯನ್ 1937ರಲ್ಲಿ ಸಿದ್ಧಪಡಿಸಿದ ಕೈಪಿಡಿ ಆಧಾರ. ಇವುಗಳಲ್ಲಿ ಯಾವುದೂ ಪವಿತ್ರವಲ್ಲ. ಪ್ರತಿಯೊಂದೂ ತನ್ನ ಕ್ಷೇತ್ರದಲ್ಲಿ ಪುರಾವೆ ಎಂದರೆ ಏನು ಎಂಬ ಒಂದು ತಿಳಿವಳಿಕೆಯನ್ನು ಒಳಗಿಟ್ಟುಕೊಂಡಿದೆ. ಶೈಲಿಯನ್ನು ಎರವಲು ತರುವವರು ಆ ತಿಳಿವಳಿಕೆಯನ್ನೂ ಅರಿಯದೆಯೇ ತಂದಿರುತ್ತಾರೆ.

ಕಲ್ಲಿನ ವಿಳಾಸ

ಕರಡಿನ ಐದನೆಯ ಅಂಕಿಯ ಹಿಂದಿದ್ದ ಹುಂಚದ ಶಾಸನಕ್ಕೆ ಆ ಮೊದಲೇ ಒಂದು ಅಂಕಿ ಇತ್ತು. ಅದನ್ನು ಕೊಟ್ಟವರು ಬಿ. ಎಲ್. ರೈಸ್. ಅವರು ಬೆಂಗಳೂರಿನಲ್ಲಿ ಅರ್ಧಶತಮಾನ ಸೇವೆ ಸಲ್ಲಿಸಿದ ಲಂಡನ್ ಮಿಷನರಿ ಸೊಸೈಟಿಯ ಬೆಂಜಮಿನ್ ರೈಸರ ಮಗ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸರ ಅಣ್ಣ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಅವರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಶಿವಮೊಗ್ಗ ಜಿಲ್ಲೆಯ ಎರಡನೆಯ ಭಾಗವಾದ ಎಂಟನೆಯ ಸಂಪುಟವು 1904ರಲ್ಲಿ ಹೊರಬಂತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ.

ರೈಸರು ಇಡೀ ಸಂಪುಟಕ್ಕೆ ಒಂದೇ ಸಾಲಿನ ಸಂಖ್ಯೆಯನ್ನು ಕೊಡಲಿಲ್ಲ. ಪ್ರತಿ ತಾಲ್ಲೂಕಿಗೂ ಒಂದರಿಂದ ಆರಂಭಿಸಿದರು. ಆದುದರಿಂದ ಶಾಸನವನ್ನು ಉಲ್ಲೇಖಿಸುವವರು ತಾಲ್ಲೂಕಿನ ಹೆಸರನ್ನು ಹೇಳದೆ ಅಂಕಿಯನ್ನು ಹೇಳಲಾರರು. ಎ.ಕ. 8, ನಗರ 35 ಎಂದು ಬರೆದ ಕೂಡಲೆ ಓದುಗನು ಕ್ರಿ.ಶ. 1077ರ ಹುಂಚಕ್ಕೆ ಬಂದು ನಿಲ್ಲುತ್ತಾನೆ. ಸಾಂತರರ ಮನೆತನದ ವಿವರ, ಚಟ್ಟಲದೇವಿಯು ಪಂಚಕೂಟ ಬಸದಿಯನ್ನು ಕಟ್ಟಿಸಿದ ಸಂಗತಿ, ಜೈನ ಆಚಾರ್ಯರ ಗುರುಪರಂಪರೆ ಎಲ್ಲವೂ ಅಲ್ಲಿವೆ. ಬೇಕೆಂದರೆ ಹೊಸನಗರ ತಾಲ್ಲೂಕಿನ ಆ ಊರಿಗೆ ಹೋಗಿ ಬಸದಿಯನ್ನೂ ಕಲ್ಲನ್ನೂ ಕಣ್ಣಾರೆ ನೋಡಬಹುದು. ಸಂಪುಟ, ತಾಲ್ಲೂಕು, ಸಂಖ್ಯೆ ಎಂಬ ಈ ಮೂರು ಮಾತುಗಳು ನೂರಿಪ್ಪತ್ತು ವರ್ಷಗಳಿಂದ ಕನ್ನಡ ಸಂಶೋಧನೆಯಲ್ಲಿ ಚಲಾವಣೆಯಲ್ಲಿವೆ. ಯಾವ ಲೇಖಕನ ಯಾವ ಪುಸ್ತಕದಲ್ಲಿ ಬಂದರೂ ಅವು ಅದೇ ಕಲ್ಲನ್ನು ತೋರಿಸುತ್ತವೆ.

ವಿದ್ಯಾರ್ಥಿಯ ಕರಡಿನಲ್ಲಿದ್ದ 5 ಏನನ್ನು ತೋರಿಸಿತು? ಪಟ್ಟಿಯ ಐದನೆಯ ಸಾಲನ್ನು. ಅಲ್ಲಿ ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 8 ಎಂದಷ್ಟೇ ಇತ್ತು. ಸಂಪುಟದ ನೂರಾರು ಶಾಸನಗಳಲ್ಲಿ ಯಾವುದು ಎಂಬ ಸುಳಿವಿಲ್ಲ. ಮಾರ್ಗದರ್ಶಕರ ಸಲಹೆಯಂತೆ ನಡುವೆ ಒಂದು ಹೊಸ ಆಕರವು ಸೇರಿದ್ದರೆ ನಾಳೆ ಅದೇ ಕಲ್ಲು 6 ಆಗುತ್ತಿತ್ತು. ವಿಳಾಸವಿದ್ದ ಆಕರಕ್ಕೆ ಸರತಿಯ ಚೀಟಿಯನ್ನು ಅಂಟಿಸಿ ವಿಳಾಸವನ್ನು ಕಳೆದಂತಾಯಿತು.

ರೈಸರ ಅಂಕಿಗಳೂ ದೋಷರಹಿತವಲ್ಲ ಎಂಬುದನ್ನು ಒಪ್ಪಬೇಕು. ಅವರ ನಗರ ತಾಲ್ಲೂಕು ಇಂದು ಹೊಸನಗರ ತಾಲ್ಲೂಕು. ಹೊಸನಗರ 35 ಎಂದು ಹುಡುಕಿದವನಿಗೆ ಏನೂ ಸಿಗದು. ತಾಮ್ರಶಾಸನಗಳಿಗೆ ಕಲ್ಲಿನಂತೆ ಒಂದು ನೆಲೆಯಿಲ್ಲ. ಅವು ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳೇ ನೀರಿನಡಿಗೆ ಹೋದವು. ಇದಕ್ಕಿಂತ ತೊಡಕಿನದು ಸಂಪುಟಗಳ ಮರುಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ಜಿಲ್ಲೆಗಳ ಅನುಕ್ರಮವೇ ಬದಲಾಯಿತು. ಹಳೆಯ ಮುದ್ರಣದಲ್ಲಿ ಒಂಬತ್ತನೆಯ ಸಂಪುಟವೆಂದರೆ ಬೆಂಗಳೂರು ಜಿಲ್ಲೆ. ಪರಿಷ್ಕೃತ ಮುದ್ರಣದಲ್ಲಿ ಬೇಲೂರು. ಎಂಟನೆಯ ಸಂಪುಟವೂ ಹೀಗೆಯೇ ಮಲೆನಾಡಿನಿಂದ ಹಾಸನದ ಕಡೆಗೆ ಸರಿದಿದೆ. ಸಂಪುಟ 8 ಎಂದಷ್ಟೇ ಬರೆದ ವಿದ್ಯಾರ್ಥಿಯು ಓದುಗನನ್ನು ಹುಂಚಕ್ಕೆ ಬದಲಾಗಿ ಹಾಸನಕ್ಕೆ ಕಳುಹಿಸಿಬಿಡಬಹುದು.

ಶ್ರವಣಬೆಳಗೊಳದ ಉದಾಹರಣೆಯು ಇನ್ನೂ ಸ್ಪಷ್ಟವಾದದ್ದು. 1889ರಲ್ಲಿ ರೈಸರು ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಮುದ್ರಣದಲ್ಲಿ ಅವು 500 ಆದವು; 1973ರ ಮುದ್ರಣದಲ್ಲಿ 573. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಬುಕ್ಕರಾಯನು ಸಂಧಾನ ಮಾಡಿಸಿದ 1368ರ ಶಾಸನವು ರೈಸರಲ್ಲಿ 136, ನರಸಿಂಹಾಚಾರ್ಯರಲ್ಲಿ 344. ಧರ್ಮಗಳ ಸಹಬಾಳ್ವೆಯನ್ನು ಕುರಿತು ಬರೆಯುವ ನಮ್ಮವರು ಈ ಶಾಸನವನ್ನು ಮತ್ತೆ ಮತ್ತೆ ಪ್ರಸ್ತಾಪಿಸುತ್ತಾರೆ. ಅಂಕಿ ಬದಲಾದಾಗ ವಿದ್ವಾಂಸರು ಏನು ಮಾಡಿದರೆಂಬುದು ಗಮನಾರ್ಹ. ಹಳೆಯದನ್ನು ಅಳಿಸದೆ, ಹೊಸದರ ಪಕ್ಕದಲ್ಲಿ ಆವರಣದೊಳಗೆ ಇಟ್ಟು, ಎರಡನ್ನೂ ಕೊಡುವ ರೂಢಿಯನ್ನು ಬೆಳೆಸಿದರು. ಆಕರದೊಳಗಿನ ಅಂಕಿ ತಪ್ಪಿದರೂ ಅದನ್ನು ಹೀಗೆ ಸರಿಪಡಿಸಲು ದಾರಿಯಿದೆ.

ನಮ್ಮ ಮಿಷನರಿ ವಿದ್ವಾಂಸರಲ್ಲಿಯೂ ಇದೇ ಶಿಸ್ತನ್ನು ಕಾಣುತ್ತೇವೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲರ ನಿಘಂಟನ್ನು ತೆರೆದರೆ, ಅರ್ಥದ ಬೆನ್ನಿಗೇ ಆಕರದ ಸಂಕೇತವು ಬರುತ್ತದೆ. ಶಬ್ದಮಣಿದರ್ಪಣಕ್ಕೆ ಒಂದು ಸಂಕೇತ, ಬಸವಪುರಾಣಕ್ಕೆ ಇನ್ನೊಂದು, ಜನರ ಬಾಯಿಂದ ಬಂದ ಗಾದೆಗೂ ಅದರದೇ ಒಂದು ಸಂಕೇತ. ಇದು ಸೂತ್ರಕಾರನ ಮಾತು, ಇದು ಕವಿಯ ಮಾತು, ಇದು ಗಾದೆ ಎಂಬ ಭೇದವು ಅಷ್ಟು ದೊಡ್ಡ ಗ್ರಂಥದಲ್ಲಿಯೂ ಅಳಿಸಿಹೋಗಿಲ್ಲ.

ಸತ್ಯವೇದದ ಅಂಕಿಗಳು

ಕ್ರಮಾಂಕದ ಪರವಾಗಿ ಮಾತಾಡುವ ವಿದ್ಯಾರ್ಥಿಗಳು ಸತ್ಯವೇದವನ್ನೇ ಉದಾಹರಿಸುವುದುಂಟು. ಅಧ್ಯಾಯ, ವಚನ ಎಂಬ ಅಂಕಿಗಳಿಲ್ಲದೆ ನಾವು ಒಂದು ಪ್ರಸಂಗವನ್ನೂ ಮಾಡಲಾರೆವಲ್ಲ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಅಂಕಿಗಳ ಚರಿತ್ರೆಯೇ ನಮ್ಮ ವಾದಕ್ಕೆ ಬೆಂಬಲವಾಗಿದೆ.

ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಯುಸೇಬಿಯನು ನಾಲ್ಕು ಸುವಾರ್ತೆಗಳ ಖಂಡಗಳಿಗೆ ಸಂಖ್ಯೆಗಳನ್ನು ನಿಗದಿಪಡಿಸಿ ಹತ್ತು ಕೋಷ್ಟಕಗಳನ್ನು ರಚಿಸಿದನು. ನಾಲ್ವರೂ ಹೇಳಿದ ಸಂಗತಿ ಮೊದಲನೆಯ ಕೋಷ್ಟಕದಲ್ಲಿದೆ. ಒಬ್ಬೊಬ್ಬನೇ ಹೇಳಿದ್ದು ಹತ್ತನೆಯದರಲ್ಲಿ. ಪುಟದ ಅಂಚಿನಲ್ಲಿದ್ದ ಅಂಕಿಯು ಮತ್ತಾಯನ ಓದುಗನನ್ನು ಲೂಕನ ಬಳಿಗೆ, ಯೋಹಾನನ ಬಳಿಗೆ ಕರೆದೊಯ್ಯುತ್ತಿತ್ತು. ನಾಲ್ಕು ಸುವಾರ್ತೆಗಳನ್ನು ಬೆರೆಸಿ ಒಂದೇ ಕಥನವಾಗಿ ಮಾಡುವ ಯತ್ನಗಳು ಆ ಮೊದಲೇ ನಡೆದಿದ್ದವು. ಯುಸೇಬಿಯನ ಅಂಕಿಯಾದರೋ ನಾಲ್ವರು ಸಾಕ್ಷಿಗಳನ್ನು ನಾಲ್ವರಾಗಿಯೇ ಉಳಿಸಿಕೊಂಡು ಅವರ ನಡುವೆ ದಾರಿ ಮಾಡಿತು. ಹದಿಮೂರನೆಯ ಶತಮಾನದಲ್ಲಿ ಸ್ಟೀಫನ್ ಲ್ಯಾಂಗ್‌ಟನ್ನನ ಹೆಸರಿಗೆ ಸೇರಿದ ಅಧ್ಯಾಯ ವಿಭಾಗವೂ 1551ರಲ್ಲಿ ಮುದ್ರಕ ರೊಬೇರ್ ಎಸ್ತಿಯೆನ್ ತನ್ನ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಅಚ್ಚುಮಾಡಿದ ವಚನ ಸಂಖ್ಯೆಯೂ ಇದೇ ಜಾತಿಯವು. ಅಕ್ವಿನಾಸನ ಸುಮ್ಮಾ ಗ್ರಂಥವನ್ನು ಭಾಗ, ಪ್ರಶ್ನೆ, ವಿಷಯ ಎಂದೂ, ಕ್ಯಾಲ್ವಿನನ ಇನ್‌ಸ್ಟಿಟ್ಯೂಟ್ಸ್ ಗ್ರಂಥವನ್ನು ಪುಸ್ತಕ, ಅಧ್ಯಾಯ, ಖಂಡ ಎಂದೂ ಅಂಕಿಗಳಿಂದಲೇ ಉಲ್ಲೇಖಿಸುತ್ತೇವೆ. ಇವೆಲ್ಲವೂ ಆಕರದೊಳಗಿನ ಅಂಕಿಗಳು. ಯಾವ ಮುದ್ರಣವನ್ನು ತೆರೆದರೂ, ಯಾವ ಭಾಷೆಯಲ್ಲಿ ಓದಿದರೂ ಸ್ಥಳ ಸಿಗುತ್ತದೆ.

ಆದರೂ ಇವು ಕೂಡ ಒಂದೊಂದು ಸಂಪ್ರದಾಯಕ್ಕೆ ಸೇರಿದವು ಎಂಬುದನ್ನು ಮರೆಯಲಾಗದು. ನಮ್ಮ ಸತ್ಯವೇದದ 23ನೆಯ ಕೀರ್ತನೆಯು ಲ್ಯಾಟಿನ್ ವಲ್ಗೇಟಿನಲ್ಲಿ 22. 51ನೆಯ ಕೀರ್ತನೆಗೆ ನಮ್ಮಲ್ಲಿ 19 ವಚನಗಳು. ತಲೆಬರಹವನ್ನೂ ಎಣಿಸುವ ಇಬ್ರಿಯ ಮೂಲದಲ್ಲಿ 21. ಹೊಸ ಒಡಂಬಡಿಕೆಯ ಬರಹಗಾರರು ಹಳೆಯ ಒಡಂಬಡಿಕೆಯನ್ನು ಪ್ರವಾದಿಯ ಹೆಸರಿನಿಂದಲೋ ಕಥೆಯ ಗುರುತಿನಿಂದಲೋ ಉಲ್ಲೇಖಿಸುತ್ತಾರೆ. ಪೊದೆಯ ಪ್ರಸಂಗ ಎಂದು ಮಾರ್ಕ 12:26ರಲ್ಲಿ, ಎಲೀಯನ ವಿಷಯ ಎಂದು ರೋಮಾಪುರದವರಿಗೆ 11:2ರಲ್ಲಿ ಬರುತ್ತದೆ. ಅಂಕಿಯಿಂದ ಉಲ್ಲೇಖಿಸಿರುವುದು ಒಂದೇ ಒಂದು ಕಡೆ. ಪಿಸಿದ್ಯದ ಅಂತಿಯೋಕ್ಯದಲ್ಲಿ ಪೌಲನು ಮಾಡಿದ ಪ್ರಸಂಗದಲ್ಲಿ, ಅಪೊಸ್ತಲರ ಕೃತ್ಯಗಳು 13:33ರಲ್ಲಿ, ಎರಡನೆಯ ಕೀರ್ತನೆ ಎಂದಿದೆ. ಆ ಒಂದು ಅಂಕಿಯಲ್ಲಿಯೇ ಪಾಠಾಂತರವೂ ಇದೆ! ಬೆಜಾ ಹಸ್ತಪ್ರತಿಯಲ್ಲಿ ಅದು ಮೊದಲನೆಯ ಕೀರ್ತನೆ. ಮೊದಲೆರಡು ಕೀರ್ತನೆಗಳನ್ನು ಒಂದಾಗಿ ಎಣಿಸುವ ರೂಢಿಯೂ ಪ್ರಾಚೀನ ಕಾಲದಲ್ಲಿ ಇತ್ತು. ಅಲ್ಲಿ ಕೀರ್ತನೆಯ ಮಾತೂ ಜೊತೆಗಿರುವುದರಿಂದ ಓದುಗನು ದಾರಿ ತಪ್ಪುವುದಿಲ್ಲ. ಅಂಕಿಯೊಂದೇ ಇದ್ದು ಮಾತು ಇಲ್ಲದಿದ್ದರೆ ಇಂದು ಅದನ್ನು ತಿದ್ದಿಕೊಳ್ಳಲು ಆಧಾರವೇ ಇರುತ್ತಿರಲಿಲ್ಲ.

ಇಕ್ಕೇರಿಯ ಹೆಣ್ಣುಮಗಳು

ಕರಡಿನ ಆರನೆಯ ಅಂಕಿಗೆ ಬರೋಣ. 1623ರ ಕೊನೆಯಲ್ಲಿ ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಪೋರ್ಚುಗೀಸರ ಒಂದು ರಾಯಭಾರ ಹೊರಟಿತು. ಅದರೊಂದಿಗೆ ರೋಮಿನ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಪ್ರವಾಸಿಯೂ ಹೊನ್ನಾವರ, ಗೇರುಸೊಪ್ಪೆಗಳ ದಾರಿಯಾಗಿ ಘಟ್ಟ ಹತ್ತಿ, ಇಂದಿನ ಸಾಗರದ ಸಮೀಪದ ಇಕ್ಕೇರಿಗೆ ಬಂದನು. ಅಲ್ಲಿಂದ ಅವನು ಬರೆದ ಪತ್ರಗಳು ಆ ಕಾಲದ ಮಲೆನಾಡನ್ನು ಕುರಿತ ಬೆಲೆಯುಳ್ಳ ಆಕರಗಳು. ಅವುಗಳ ಇಂಗ್ಲಿಷ್ ಅನುವಾದವನ್ನು ಹಕ್ಲೂಯ್ಟ್ ಸೊಸೈಟಿಯು 1892ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿತು.

ಇಕ್ಕೇರಿಯಲ್ಲಿ ಅವನು ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಿಧವೆಯನ್ನು ಕಂಡನು. ಅವಳ ಗಂಡ ನಗಾರಿ ಬಾರಿಸುವ ಕಸುಬಿನವನು. ದೆಲ್ಲಾ ವಲ್ಲೆ ಅವಳ ಬಳಿಗೆ ಹೋಗಿ ಮಾತಾಡಿದನು, ಆ ನಿರ್ಧಾರವನ್ನು ಬಿಡಿಸಲು ಯತ್ನಿಸಿದನು, ಅವಳು ಒಪ್ಪಲಿಲ್ಲ. ತನ್ನ ಬರಹದಲ್ಲಿ ಅವಳ ಹೆಸರನ್ನು ಉಳಿಸುವುದಾಗಿ ಹೇಳಿದ ಅವನು ಆ ಮಾತನ್ನು ನಡೆಸಿದನು. ಇಟಾಲಿಯನ್ ಕಿವಿಗೆ ಕೇಳಿಸಿದಂತೆ ಅವನು ಬರೆದ ಹೆಸರು ಜಿಯಾಕ್ಕಮಾ. ಕನ್ನಡಿಗರಿಗೆ ಅದು ಜಕ್ಕಮ್ಮ ಎಂದು ಕೂಡಲೆ ತಿಳಿಯುತ್ತದೆ.

ಮಲೆನಾಡಿನ ಉದ್ದಗಲಕ್ಕೂ ಮಾಸ್ತಿಕಲ್ಲುಗಳಿವೆ. ಎತ್ತಿದ ಕೈ, ಬಳೆ, ಸೂರ್ಯಚಂದ್ರರು ಅವುಗಳ ಮೇಲೆ ಕಾಣುತ್ತವೆ. ಎಷ್ಟೋ ಕಲ್ಲುಗಳ ಮೇಲೆ ಅಕ್ಷರವೇ ಇಲ್ಲ. ನಗಾರಿ ಬಾರಿಸುವವನ ಹೆಂಡತಿಯ ಹೆಸರು ನಾಲ್ಕು ಶತಮಾನಗಳ ಆಚೆಯಿಂದ ನಮಗೆ ತಲುಪಿರುವುದು ಒಬ್ಬ ಬರಹಗಾರನು ಅವಳನ್ನು ಒಬ್ಬ ವಿಧವೆ ಎಂದು ಮುಗಿಸದೆ ಹೆಸರು ಕೇಳಿ ಬರೆದದ್ದರಿಂದ. ಅವನ ದೃಷ್ಟಿಯಲ್ಲಿ ಮಿತಿಗಳಿದ್ದವು; ಅವಳು ಸ್ವಇಚ್ಛೆಯಿಂದ ಸಾಯುತ್ತಾಳೆಂಬ ಮಾತನ್ನು ನಾವು ಇಂದು ಅವನಷ್ಟು ಸುಲಭವಾಗಿ ಒಪ್ಪಲಾರೆವು. ಆ ವಿಮರ್ಶೆ ಸಾಧ್ಯವಾಗಬೇಕಾದರೂ ಹೇಳುತ್ತಿರುವವನು ಯಾರು, ಯಾವ ರಾಯಭಾರದ ಜೊತೆ ಬಂದವನು, ಎಲ್ಲಿ ಕುಳಿತು ಯಾವಾಗ ಬರೆದನು ಎಂಬುದು ವಾಕ್ಯದಲ್ಲಿಯೇ ತಿಳಿದಿರಬೇಕು.

ವಿದ್ಯಾರ್ಥಿಯ ವಾಕ್ಯದಲ್ಲಿ ಇದ್ದದ್ದು, ಇಕ್ಕೇರಿಯಲ್ಲಿ ಸಹಗಮನ ಪದ್ಧತಿಯು ರೂಢಿಯಲ್ಲಿತ್ತು ಎಂಬ ಮಾತೂ ಅದರ ಮುಂದೆ 6 ಎಂಬ ಅಂಕಿಯೂ. ಜಕ್ಕಮ್ಮನೂ ಇಲ್ಲ, ದೆಲ್ಲಾ ವಲ್ಲೆಯೂ ಇಲ್ಲ. ಒಬ್ಬಳ ಕಥೆಯು ಪದ್ಧತಿಯಾಯಿತು, ಕಂಡವನ ಸಾಕ್ಷ್ಯವು ಸಂಗತಿಯಾಯಿತು. ಸ್ತ್ರೀವಾದಿ ದೇವಶಾಸ್ತ್ರವನ್ನು ಒಂದು ಇಡೀ ಅವಧಿ ಓದಿದ ವಿದ್ಯಾರ್ಥಿಯ ಕೈಯಲ್ಲಿ, ಅವನ ಉದ್ದೇಶಕ್ಕೆ ವಿರುದ್ಧವಾಗಿಯೇ, ಇದು ನಡೆಯಿತು. ಇದನ್ನು ಕೇವಲ ಅಚ್ಚಿನ ವಿಷಯವೆಂದು ಬದಿಗಿಡಲು ಆಗದು.

‘ಅಂತೆ’ ಎಂಬ ಪ್ರತ್ಯಯ

ಏಳನೆಯ ಅಂಕಿಯ ಹಿಂದೆ ಇದ್ದದ್ದು ಬಾಯಿಮಾತು. ಮಲೆನಾಡಿನ ಚಿಕ್ಕ ಸಭೆಗಳಿಗೆ ಲಿಖಿತ ದಾಖಲೆಗಳು ಕಡಿಮೆ. ಮುಳುಗಡೆಯಾದ ಊರುಗಳವರಿಗಂತೂ ನೆನಪೇ ದಫ್ತರ. ಆ ಅಜ್ಜಿಯು ತನ್ನ ತಾಯಿಯಿಂದ ಕೇಳಿದ್ದನ್ನು ಹೇಳಿದ್ದಳು. ಸಂದರ್ಶನದ ಬರಹವನ್ನು ತರಿಸಿ ನೋಡಿದೆ. ಪಾದ್ರಿಗಳು ಹೊಳೆ ದಾಟಿ ಬರುತ್ತಿದ್ದರಂತೆ, ಪ್ರಾರ್ಥನೆ ಮಾಡಿಸುತ್ತಿದ್ದರಂತೆ, ಅದೆಲ್ಲ ಅವ್ವ ಹೇಳೋದು ಎಂಬ ರೀತಿಯಲ್ಲಿ ಅವಳ ಮಾತು ಸಾಗಿತ್ತು. ಪ್ರಬಂಧದಲ್ಲಿ ಅದು, ಪಾದ್ರಿಗಳು ಹೊಳೆ ದಾಟಿ ಬಂದು ಪ್ರಾರ್ಥನೆ ನಡೆಸುತ್ತಿದ್ದರು ಎಂದಾಗಿತ್ತು. ಅದರ ಮುಂದೆ 7.

ಇಲ್ಲಿ ಬಿಟ್ಟುಹೋದದ್ದು ‘ಅಂತೆ’. ತಾನು ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಭೇದವನ್ನು ಕ್ರಿಯಾಪದದ ತುದಿಯಲ್ಲಿಯೇ ತೋರಿಸುವ ಶಕ್ತಿ ಕನ್ನಡಕ್ಕಿದೆ. ಬಂದರು ಎಂದರೆ ಒಂದು, ಬಂದರಂತೆ ಎಂದರೆ ಇನ್ನೊಂದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಈ ಭೇದವನ್ನು ತಪ್ಪದೆ ಪಾಲಿಸುತ್ತಾಳೆ. ತಾನು ಸಾಕ್ಷಿಯಲ್ಲ, ಸಾಕ್ಷಿಯ ಮಗಳು ಎಂದು ಅವಳು ಪ್ರತಿ ವಾಕ್ಯದಲ್ಲಿಯೂ ಒಪ್ಪಿಕೊಳ್ಳುತ್ತಾಳೆ. ಅವಳ ಉಲ್ಲೇಖಕ್ರಮವು ನಮ್ಮ ಕೈಪಿಡಿಗಳಿಗಿಂತ ಕಟ್ಟುನಿಟ್ಟಾದದ್ದು. ಶಿಷ್ಟಭಾಷೆಗೆ ತಕ್ಕದ್ದಲ್ಲವೆಂದು ನಾವು ಆ ಪ್ರತ್ಯಯವನ್ನು ಕಿತ್ತು, ಆ ಜಾಗದಲ್ಲಿ ಒಂದು ಅಂಕಿಯನ್ನು ನೆಡುತ್ತೇವೆ. ಅವಳು ಎಚ್ಚರಿಕೆಯಿಂದ ಹೇಳಿದ ಮಾತು ನಮ್ಮ ಪುಟದಲ್ಲಿ ಅವಳೇ ಹೇಳದಷ್ಟು ಖಚಿತವಾಗುತ್ತದೆ.

ಸಾಕ್ಷ್ಯವನ್ನು ಕುರಿತ ಶಿಸ್ತು ದೇವಶಾಸ್ತ್ರಕ್ಕೆ ಹೊರಗಿನಿಂದ ಬಂದದ್ದಲ್ಲ. ಲೂಕನು ತನ್ನ ಸುವಾರ್ತೆಯ ಆರಂಭದಲ್ಲಿಯೇ ಕಣ್ಣಾರೆ ಕಂಡವರನ್ನೂ, ಅವರಿಂದ ಪಡೆದು ಬರೆದವರನ್ನೂ, ವಿಚಾರಿಸಿ ಬರೆಯುವ ತನ್ನನ್ನೂ ಬೇರೆಬೇರೆಯಾಗಿ ಇಡುತ್ತಾನೆ. 1 ಕೊರಿಂಥ 15ರಲ್ಲಿ ಪೌಲನು ತಾನು ಹೊಂದಿದ್ದನ್ನೇ ಒಪ್ಪಿಸಿಕೊಟ್ಟೆನೆಂದು ಹೇಳಿ, ಕೇಫನಿಂದ ಆರಂಭಿಸಿ ಸಾಕ್ಷಿಗಳನ್ನು ಎಣಿಸಿ, ಕೊನೆಗೆ ತನ್ನನ್ನು ಸೇರಿಸಿಕೊಳ್ಳುತ್ತಾನೆ.

ಕೆಲವು ಆಕ್ಷೇಪಣೆಗಳು

ಕ್ರಮಾಂಕ ಪದ್ಧತಿಯ ಪರವಾದ ಮೂರು ಮಾತುಗಳಿಗೆ ಉತ್ತರ ಹೇಳುವುದು ಅಗತ್ಯ. ಮೊದಲನೆಯದಾಗಿ, ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುವುದರಿಂದ ನಡುವೆ ಹೆಸರು, ವರ್ಷ, ಪುಟಗಳ ಆವರಣವು ಬಂದರೆ ಓದಿನ ಓಟ ಮುರಿಯುತ್ತದೆ ಎನ್ನುತ್ತಾರೆ. ಇದು ನಿಜ. ಆದರೆ ಹೆಸರನ್ನು ಆವರಣದಲ್ಲಿಯೇ ಇಡಬೇಕೆಂಬ ಕಟ್ಟಳೆಯಿಲ್ಲ. ರೈಸರು ಹೇಳುವಂತೆ, ದೆಲ್ಲಾ ವಲ್ಲೆಯ ಪತ್ರದ ಪ್ರಕಾರ, ಅಜ್ಜಿಯು ತನ್ನ ತಾಯಿಯಿಂದ ಕೇಳಿದಂತೆ ಎಂದು ವಾಕ್ಯವನ್ನು ಆರಂಭಿಸುವುದು ಕನ್ನಡಕ್ಕೆ ಸಹಜವಾದದ್ದು.

ಎರಡನೆಯದು ಸಮಾನತೆಯ ವಾದ. ಪ್ರಸಿದ್ಧ ವಿದ್ವಾಂಸನೂ ಹಳ್ಳಿಯ ಅಜ್ಜಿಯೂ ಒಂದೇ ಬಗೆಯ ಅಂಕಿಯಾಗುವುದರಿಂದ ದೊಡ್ಡ ಹೆಸರುಗಳ ದಬ್ಬಾಳಿಕೆ ತಪ್ಪುತ್ತದೆ ಎಂಬ ಈ ಮಾತಿನಲ್ಲಿ ಸದುದ್ದೇಶವಿದೆ. ಆದರೆ ಪ್ರಸಿದ್ಧನ ಹೆಸರನ್ನು ಅಡಗಿಸಿದರೂ ಅದು ನೂರು ಗ್ರಂಥಾಲಯಗಳಲ್ಲಿ ಉಳಿದಿರುತ್ತದೆ. ಅಜ್ಜಿಯ ಹೆಸರಿಗೆ ಈ ಪ್ರಬಂಧವೊಂದೇ ಗ್ರಂಥಾಲಯ. ಇಬ್ಬರನ್ನೂ ಸಮನಾಗಿ ಅಳಿಸಿದಾಗ ನಷ್ಟವು ಸಮನಾಗಿರುವುದಿಲ್ಲ.

ಮೂರನೆಯದು, ಕೆಲವು ಸಂಸ್ಥೆಗಳೂ ಪತ್ರಿಕೆಗಳೂ ಕ್ರಮಾಂಕವನ್ನೇ ಕಡ್ಡಾಯ ಮಾಡಿವೆ ಎಂಬುದು. ಅಂಥಲ್ಲಿ ನಿಯಮವನ್ನು ಪಾಲಿಸಲೇಬೇಕು. ಆದರೆ ಅಂಕಿಯ ಜೊತೆಗೆ ಪುಟವನ್ನೋ ಶಾಸನಸಂಖ್ಯೆಯನ್ನೋ ಸೇರಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಅವಕಾಶವಿಲ್ಲದ ಕಡೆ ವಾಕ್ಯದೊಳಗೇ ಹೇಳಬಹುದು. ಬಾರ್ತನ ಚರ್ಚ್ ಡಾಗ್ಮಾಟಿಕ್ಸ್‌ನಂಥ ಸಾವಿರಾರು ಪುಟಗಳ ಗ್ರಂಥಕ್ಕೆ ಪುಟವಿಲ್ಲದ ಒಂದೇ ಅಂಕಿಯನ್ನು ಕೊಡುವುದು, ಮನೆ ಕೇಳಿದವನಿಗೆ ತಾಲ್ಲೂಕನ್ನು ತೋರಿಸಿದಂತೆ.

ಸಮಾರೋಪ

ನಮ್ಮ ಸಂಪ್ರಬಂಧಗಳ ಮಟ್ಟಿಗಾದರೂ ಕೆಲವು ರೂಢಿಗಳನ್ನು ಬೆಳೆಸಿಕೊಳ್ಳಬಹುದೆಂದು ತೋರುತ್ತದೆ. ಆಕರಕ್ಕೆ ತನ್ನದೇ ಅಂಕಿಯಿದ್ದರೆ ಅದನ್ನೇ ಮೊದಲು ಕೊಡಬೇಕು. ಶಾಸನಕ್ಕೆ ಸಂಪುಟ, ಮುದ್ರಣ, ತಾಲ್ಲೂಕು, ಸಂಖ್ಯೆ ನಾಲ್ಕೂ ಇರಬೇಕು, ಹಳೆಯ ಸಂಖ್ಯೆ ಹೊಸ ಸಂಖ್ಯೆಗಳು ಬೇರೆಯಾಗಿದ್ದರೆ ಎರಡೂ ಇರಬೇಕು. ಪತ್ರಕ್ಕೆ ಬರೆದ ಸ್ಥಳವನ್ನೂ ತಾರೀಖನ್ನೂ ಕೊಡಬೇಕು. ಬಾಯಿಮಾತಿಗೆ ಹೇಳಿದವರ ಒಪ್ಪಿಗೆ ಪಡೆದು ಹೆಸರು, ಊರು, ದಿನವನ್ನು ಬರೆಯಬೇಕು. ಮುಳುಗಡೆಯಾದವರಿಗೆ ಈಗಿನ ಊರಿನ ಜೊತೆ ಬಿಟ್ಟುಬಂದ ಊರನ್ನೂ ಬರೆಯಬೇಕು. ಹೆಸರನ್ನು ಮರೆಮಾಡಬೇಕಾದ ಸಂದರ್ಭಗಳಿವೆ. ಆಗ ಕಂಡವರೋ ಕೇಳಿದವರೋ ಎಂಬುದನ್ನಾದರೂ ಮರೆಮಾಡಬಾರದು. ‘ಅಂತೆ’ಯನ್ನು ಶಿಷ್ಟಭಾಷೆಯಿಂದ ಹೊರಗಿಡುವ ಅಗತ್ಯವಿಲ್ಲ.

ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತನು 2:6ರಲ್ಲಿ ಎಂಟನೆಯ ಕೀರ್ತನೆಯನ್ನು ಉಲ್ಲೇಖಿಸುವಾಗ, ಒಬ್ಬನು ಎಲ್ಲಿಯೋ ಒಂದು ಕಡೆ ಸಾಕ್ಷಿ ಹೇಳಿದ್ದಾನೆ ಎಂಬ ಅರ್ಥದಲ್ಲಿ ಬರೆಯುತ್ತಾನೆ. ನಮ್ಮ ಯಾವ ಪರೀಕ್ಷಕನೂ ಇದಕ್ಕೆ ಅಂಕ ಕೊಡನು. ಆದರೂ ಅವನು ಆ ಅನಾಮಿಕನನ್ನು ಸಾಕ್ಷಿ ಎಂದೇ ಗುರುತಿಸುತ್ತಾನೆ. ಅದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಹೇಬೆಲನಿಂದ ಹಿಡಿದು ಸೂಳೆಯಾದ ರಾಹಾಬಳವರೆಗೆ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾನೆ. ಹೆಸರು ತಿಳಿಯದ ಹೆಂಗಸರನ್ನೂ ಹಿಂಸೆಪಟ್ಟವರನ್ನೂ ಬಿಡದೆ ನೆನೆಯುತ್ತಾನೆ. ಮುಂದಿನ ಅಧ್ಯಾಯದಲ್ಲಿ ಅವರೆಲ್ಲರೂ ಮೇಘದಂತೆ ಕವಿದಿರುವ ಸಾಕ್ಷಿಗಳಾಗುತ್ತಾರೆ. ಮಲೆನಾಡಿನ ಸಭಾಚರಿತ್ರೆಯನ್ನು ಬರೆಯುವವರ ಸುತ್ತಲೂ ಅಂಥ ಸಾಕ್ಷಿಗಳಿದ್ದಾರೆ. ಕೆಲವರ ಹೆಸರು ಕಲ್ಲಿನ ಮೇಲಿದೆ, ಕೆಲವರದು ಪರದೇಶಿಯ ಪತ್ರದಲ್ಲಿ, ಕೆಲವರದು ಮುದುಕಿಯೊಬ್ಬಳ ನೆನಪಿನಲ್ಲಿ. ಕರಡನ್ನು ತಿದ್ದಲು ಹಿಂದಿರುಗಿಸುವಾಗ ಆ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಏಳನೆಯ ಅಂಕಿಯ ಜಾಗದಲ್ಲಿ ಅಜ್ಜಿಯ ಹೆಸರನ್ನು ಬರೆದು ತನ್ನಿ, ಅವರ ಒಪ್ಪಿಗೆಯನ್ನು ಕೇಳಲು ಇನ್ನೊಮ್ಮೆ ಅವರ ಮನೆಗೆ ಹೋಗಬೇಕಾದರೆ ಹೋಗಿ ಬನ್ನಿ.